ಬರೆಯಲು ಒದ್ದಾಡುವ ಮಗುವಿಗೆ ಫೋನ್ ಹೀಗೆ ಬಳಸಿ

ಪ್ರಶ್ನೆ ಕೇಳಿದರೆ ಪಟಪಟ ಉತ್ತರ ಹೇಳುತ್ತಾನೆ, ಬರೆಯೋ ಅಂದರೆ ನಾಲ್ಕು ಸಾಲಿಗೆ ಅರ್ಧ ಗಂಟೆ. ಇಂಥ ಮಗುವಿಗೆ ಸುಮ್ನೆ ಕಾಪಿ ಬರೆಸಿ ಸುಸ್ತು ಮಾಡಬೇಡಿ. ತೊಡಕು ಎಲ್ಲಿದೆ ಅಂತ ಮೊದಲು ಹುಡುಕಿ.

ಅದಕ್ಕೆ ಫೋನ್ ಸಾಕು. ಕೈ ಮತ್ತು ಪುಸ್ತಕ ಮಾತ್ರ ಕಾಣುವಂತೆ ಸ್ಲೋ ಮೋಷನ್‌ನಲ್ಲಿ ಸ್ವಲ್ಪ ಹೊತ್ತು ವಿಡಿಯೊ ಮಾಡಿ. ಅಕ್ಷರ ದುಂಡಗಿದೆಯಾ ಅನ್ನೋದು ಈಗ ಬೇಡ. ಪೆನ್ಸಿಲ್ ಒತ್ತಿ ಹಿಡಿದು ಬೆರಳ ತುದಿ ಬೆಳ್ಳಗಾಗುತ್ತಿದೆಯಾ, ಮಣಿಕಟ್ಟು ಹಾಳೆಗೆ ತಾಗದೆ ಮೇಲೇ ಇದೆಯಾ, ‘ರಾಷ್ಟ್ರ’ ಬರೆಯುವಾಗ ಒತ್ತಿನ ಹತ್ತಿರ ಕೈ ನಿಂತುಬಿಡುತ್ತಾ ನೋಡಿ. ನಮ್ಮ ಲಿಪಿಯಲ್ಲಿ ಗುಡಿಸು ಮೇಲೇರುತ್ತೆ, ಒತ್ತು ಕೆಳಗಿಳಿಯುತ್ತೆ, ಸಾಲು ಇಕ್ಕಟ್ಟಾಗಿದ್ದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಅಂಥವರಿಗೆ ಅಗಲ ಗೆರೆಯ ನೋಟ್‌ಬುಕ್ಕೇ ಅರ್ಧ ಔಷಧ.

ಆಮೇಲೆ ಟ್ಯಾಬ್. ಬೆರಳಿಂದಲ್ಲ, ಸ್ಟೈಲಸ್‌ನಿಂದ (ಸ್ಕ್ರೀನ್ ಮೇಲೆ ಬರೆಯುವ ಪೆನ್) ಅಕ್ಷರ ತಿದ್ದಿಸಿ. ಗಾಜು ಜಾರಿದರೆ ಮ್ಯಾಟ್ ಸ್ಕ್ರೀನ್‌ಗಾರ್ಡ್ ಹಾಕಿಸಿ. ಅಕ್ಷರವನ್ನು ಎಲ್ಲಿಂದ ಶುರು ಮಾಡಿದರೂ ಸ್ಟಾರ್ ಕೊಡುವ ಆ್ಯಪ್ ಇದ್ದರೆ ಡಿಲೀಟ್ ಮಾಡಿ, ಅದು ಆಟ ಅಷ್ಟೇ. ತಿದ್ದಿದ ಅಕ್ಷರವನ್ನು ಅವತ್ತೇ ಕಾಗದದ ಮೇಲೂ ಬರೆಸಬೇಕು, ಇಲ್ಲದಿದ್ದರೆ ಟ್ಯಾಬ್‌ನಲ್ಲಿ ಕಲಿತದ್ದು ಟ್ಯಾಬ್‌ನಲ್ಲೇ ಉಳಿಯುತ್ತೆ.

ಪ್ರಬಂಧ, ಉದ್ದ ಉತ್ತರಕ್ಕೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನ ಕನ್ನಡ ಮೈಕ್ ಇದೆ. ಮಗು ಹೇಳಲಿ, ಫೋನ್ ಬರೆಯಲಿ. ‘ಹೊಂಟೇನಿ’, ‘ಬರಾಕತ್ತಾರ’ ಅಂದಾಗ ಅದು ಏನೇನೋ ಬರೆದಿಡಬಹುದು, ಅದಕ್ಕಾಗಿ ಮಗುವಿನ ಮಾತು ತಿದ್ದಲು ಹೋಗಬೇಡಿ. ವಿಚಾರ ಪೂರ್ತಿ ಬಂದ ಮೇಲೆ ಇಬ್ಬರೂ ಕೂತು ತಪ್ಪು ಸರಿಮಾಡಿ, ಅದರಲ್ಲಿ ಎರಡು ಮೂರು ಸಾಲು ಮಾತ್ರ ಕೈಯಲ್ಲಿ ಬರೆಸಿ. ಕೈಗೂ ಕೆಲಸ ಸಿಕ್ಕಿತು, ತಲೆಯಲ್ಲಿದ್ದದ್ದೂ ಹೊರಗೆ ಬಂತು, ಅಲ್ವಾ?

ಚೆನ್ನಾಗಿ ಬರೆಯುತ್ತಿದ್ದ ಕೈ ಏಕಾಏಕಿ ಕೆಟ್ಟರೆ, ನಡುಗಿದರೆ ಈ ಪ್ರಯೋಗವೆಲ್ಲ ಬಿಟ್ಟು ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಉಳಿದವರು ಆಕ್ಯುಪೇಷನಲ್ ಥೆರಪಿಸ್ಟ್‌ಗೆ (ಬರೆಯೋದು, ಗುಂಡಿ ಹಾಕೋದು ಇಂಥ ದಿನನಿತ್ಯದ ಕೆಲಸಕ್ಕೆ ತರಬೇತಿ ಕೊಡುವವರು) ಆ ವಿಡಿಯೊ ತೋರಿಸಿ. ಕಲಿಕೆಯ ತೊಂದರೆ ಅನುಮಾನವಿದ್ದರೆ ಹುಬ್ಬಳ್ಳಿ, ಗದಗ, ಹಾವೇರಿಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಯೂ (ಓದು, ಬರಹ, ಲೆಕ್ಕದಂಥದ್ದರಲ್ಲಿ ತೊಡಕು) ಸೇರಿದೆ. ಕೇಂದ್ರದ ಮಾರ್ಗಸೂಚಿ ಪ್ರಕಾರ, ಹೇಳಿದ ಉತ್ತರವನ್ನು ಬರೆದುಕೊಡುವ ಬರಹಗಾರರ ನೆರವು ಪಡೆಯಲು ಅರ್ಹರಾದವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ. ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ ಬರುವವರೆಗೆ ಕಾಯಬೇಡಿ, ಒಂಬತ್ತನೇ ಕ್ಲಾಸಿನಲ್ಲೇ ಹೆಡ್‌ಮಾಸ್ಟರ್ ಹತ್ತಿರ ಕೇಳಿ ಕಾಗದಪತ್ರ ಶುರು ಮಾಡಿ.