ಹಳೆ ಪೇಪರು, ಮೆಂತ್ಯ, ಒಂದು ಬುಟ್ಟಿ

ಮನೆಯಲ್ಲಿ ಹಳೆ ಪೇಪರಿನ ರಾಶಿ ಇದ್ದು, ಡಬ್ಬದಲ್ಲಿ ಒಂದಿಷ್ಟು ಮೆಂತ್ಯ ಇದ್ದರೆ ಗಟ್ಟಿಮುಟ್ಟಾದ ಬುಟ್ಟಿ ಮಾಡಿಕೊಳ್ಳಬಹುದು. ಕೈಕೆಲಸ ಹೆಚ್ಚೆಂದರೆ ಎರಡು ಗಂಟೆ. ಉಳಿದದ್ದು ನೆನೆಯುವ, ಒಣಗುವ ಹೊತ್ತು. ಹೊಸ ಮೊರ ತಂದಾಗ ಸಂದುಗಳಲ್ಲಿ ಕಾಳು ಸೋರದಂತೆ ಕಾಗದ-ಮೆಂತ್ಯ ರುಬ್ಬಿ ಮೆತ್ತುವ ರೂಢಿ ನಮ್ಮ ಕಡೆ ಹಳೆಯದು. ಬುಟ್ಟಿಯೂ ಅದೇ ಮುದ್ದೆಯಿಂದ ಆಗುತ್ತದೆ. ಕಾಶ್ಮೀರದ ಕಾಗದದ ಕುಸುರಿಯವರು ಅಕ್ಕಿಯ ಅಂಟು ಬಳಸಿದರೆ ನಮ್ಮಲ್ಲಿ ಮೆಂತ್ಯ. ಮೈದಾ ಅಂಟಿಗಿಂತ ನನಗೆ ಇದೇ ಮೇಲು. ಮೈದಾಕ್ಕೆ ಜಿರಳೆ, ಇಲಿ ಬೇಗ ಬಾಯಿ ಹಾಕುತ್ತವೆ. ಮೆಂತ್ಯದ ಕಹಿಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

25 ಸೆಂ.ಮೀ. ಅಗಲ, 10 ಸೆಂ.ಮೀ. ಆಳದ ಬುಟ್ಟಿಗೆ 200 ಗ್ರಾಂ ಪೇಪರು, 50 ಗ್ರಾಂ ಮೆಂತ್ಯ ಬೇಕು. 16 ಪುಟದ ದಿನಪತ್ರಿಕೆ ಮೂರು ಸೇರಿದರೆ ಹೆಚ್ಚುಕಮ್ಮಿ 200 ಗ್ರಾಂ ಆಗುತ್ತದೆ. ಮೆಂತ್ಯ ನಾಲ್ಕೂವರೆ ದೊಡ್ಡ ಚಮಚ. ಮಿರಿಮಿರಿ ಮಿಂಚುವ ಪುರವಣಿ, ಜಾಹೀರಾತು ಹಾಳೆಗಳನ್ನು ಪಕ್ಕಕ್ಕಿಡಿ. ಅವುಗಳ ಮೈಗೆ ಜೇಡಿಯಂಥ ಬಿಳಿ ಪುಡಿಯ ಲೇಪ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಪುಡಿ ಉದುರುತ್ತದೆ. ನೋಟ್‌ಬುಕ್ಕಿನ ಹಾಳೆ ಗಟ್ಟಿ ಬುಟ್ಟಿ ಕೊಡುತ್ತದೆ, ಆದರೆ ಎರಡು ದಿನ ನೆನೆಯಬೇಕು. ತೀರಾ ಅವಸರವಿದ್ದರೆ ಮೊಟ್ಟೆಯ ಕಾಗದದ ಟ್ರೇ ಒಳ್ಳೆಯದು. ಅದು ಮೊದಲೇ ಮುದ್ದೆಯಿಂದ ಮಾಡಿದ್ದಾದ್ದರಿಂದ ಎರಡು-ಮೂರು ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಪೇಪರನ್ನು ಕತ್ತರಿಸಬೇಡಿ, ಕೈಯಲ್ಲೇ ಹರಿಯಿರಿ. ಹರಿದ ಅಂಚಿನಲ್ಲಿ ನಾರು ಕೆದರಿಕೊಂಡಿರುವುದರಿಂದ ನೀರು ಬೇಗ ಒಳಗಿಳಿಯುತ್ತದೆ. ಎರಡು ಬೆರಳಗಲದ ಚೂರು ಸಾಕು. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಒಮ್ಮೆ ನೀರು ಬದಲಾಯಿಸಿದರೆ ಶಾಯಿಯ ವಾಸನೆ ಕಡಿಮೆಯಾಗುತ್ತದೆ. ಮೆಂತ್ಯವನ್ನು ಬೇರೆ ಪಾತ್ರೆಯಲ್ಲಿ ಒಂದೂವರೆ ಲೋಟ ನೀರಿಗೆ ಹಾಕಿ, ಎಂಟು ಗಂಟೆ ಬಿಡಿ.

ರುಬ್ಬುವಾಗ ಪೇಪರಿಗೆ ನೀರು ಧಾರಾಳವಾಗಿರಲಿ. ಒಂದು ಹಿಡಿ ಪೇಪರಿಗೆ ಎರಡು ಲೋಟ ನೀರು ಹಾಕಿ, ಮಿಕ್ಸಿಯನ್ನು ಐದೈದು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ. ನೀರು ಕಮ್ಮಿಯಾದರೆ ಮುದ್ದೆ ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತದೆ. ಇದಕ್ಕೆ ಹಳೆಯ ಜಾರ್ ಒಂದನ್ನು ಬೇರೆ ಇಟ್ಟುಕೊಳ್ಳುವುದು ಕ್ಷೇಮ. ಮೆಂತ್ಯವನ್ನು ನೆನೆಸಿದ ನೀರಿನ ಸಮೇತ ದೋಸೆ ಹಿಟ್ಟಿನಷ್ಟು ನುಣ್ಣಗೆ ರುಬ್ಬಿ. ಕಾಳಿನಲ್ಲಿ ಸುಮಾರು ಕಾಲು ಭಾಗ ಗೋಂದಿನಂಥ ಲೋಳೆಯೇ. ತರಿ ಉಳಿದರೆ ಆ ಲೋಳೆ ಪೂರ್ತಿ ಹೊರಬರುವುದಿಲ್ಲ.

ಬುಟ್ಟಿಯ ಹಣೆಬರಹ ತೀರ್ಮಾನವಾಗುವುದು ಹಿಂಡುವಾಗ. ರುಬ್ಬಿದ ಪೇಪರನ್ನು ಹಳೆ ಪಂಚೆಯ ತುಂಡಿಗೆ ಸುರಿದು ಗಂಟು ಕಟ್ಟಿ ತಿರುಚಿ. ನಂತರ ಒಂದು ಮುಷ್ಟಿ ತೆಗೆದುಕೊಂಡು ಬಲವಾಗಿ ಅದುಮಿ ನೋಡಿ. ಬೆರಳ ಸಂದಿನಲ್ಲಿ ತೇವ ಒಸರಬೇಕು, ಹನಿ ತೊಟ್ಟಿಕ್ಕಬಾರದು. ಕೈ ಬಿಚ್ಚಿದಾಗ ಉಂಡೆಯ ಮೇಲೆ ಬೆರಳ ಗುರುತು ಹಾಗೇ ನಿಂತಿರಬೇಕು. ಹನಿ ಬಿದ್ದರೆ ಇನ್ನೊಮ್ಮೆ ಹಿಂಡಿ. ನೀರು ಹೆಚ್ಚಾದಷ್ಟೂ ಒಣಗುವಾಗ ಬುಟ್ಟಿ ಹೆಚ್ಚು ಕುಗ್ಗುತ್ತದೆ, ಕುಗ್ಗಿದಷ್ಟೂ ಬಿರುಕು. ಒಣಗಲು ದಿನ ಹೆಚ್ಚು ಹಿಡಿದರೆ ಬೂಷ್ಟೂ ಬರುತ್ತದೆ. ಹಿಂಡಿದ ಮುದ್ದೆಯನ್ನು ಪುಡಿಪುಡಿ ಉದುರಿಸಿ, ಮೆಂತ್ಯದ ಹಿಟ್ಟನ್ನು ಎರಡು ಕಂತಿನಲ್ಲಿ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಕೈಗೆ ಜಿಗುಟು ಹತ್ತಬೇಕು, ಗಂಟುಗಳಿರಬಾರದು.

ಇದಕ್ಕೆ ಉಪ್ಪು ಹಾಕುವುದು ಬೇಡ. ಮಳೆಗಾಲದಲ್ಲಿ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಅಡುಗೆಮನೆಯಲ್ಲಿಡುವ ಬುಟ್ಟಿಗೆ ಖಂಡಿತ ಬೇಡ. ಒಂದು ಚಮಚ ಬೇವಿನೆಲೆಯ ಪುಡಿ ಹಾಕಬಹುದು.

ಅಚ್ಚಿಗೆ ಬಾಯಿ ಅಗಲವಾದ ಪಾತ್ರೆಯೇ ಬೇಕು. ಕಂಠ ಕಿರಿದಾಗಿದ್ದರೆ ಒಣಗಿದ ಬುಟ್ಟಿ ಹೊರಗೆ ಬರುವುದಿಲ್ಲ. ಪಾತ್ರೆಯನ್ನು ಬೋರಲು ಹಾಕಿ ಹೊರಮೈಗೆ ಮೆತ್ತುವವರೇ ಹೆಚ್ಚು. ನನ್ನ ಪದ್ಧತಿ ಒಳಗೆ ಮೆತ್ತುವುದು. ಹೊರಗೆ ಮೆತ್ತಿದ ಮುದ್ದೆ ಕುಗ್ಗುವಾಗ ಒಳಗಿನ ಸ್ಟೀಲು ಜಗ್ಗುವುದಿಲ್ಲ, ಆದ್ದರಿಂದ ಮುದ್ದೆಯೇ ಸೀಳುತ್ತದೆ. ಒಳಗೆ ಮೆತ್ತಿದ್ದು ಕುಗ್ಗುತ್ತಾ ಪಾತ್ರೆಯಿಂದ ತಾನೇ ಬಿಡಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯ ಅಚ್ಚೆಂದರೆ ಬಿದಿರಿನ ಬುಟ್ಟಿ, ಹೆಣಿಗೆಯ ಸಂದಿನಿಂದ ಹೊರಗಡೆಯೂ ಗಾಳಿಯಾಡುತ್ತದೆ. ಅಚ್ಚಿಗೆ ತೆಳು ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಸುಕ್ಕಿಲ್ಲದಂತೆ ಹಾಸಿ. ಪ್ಲಾಸ್ಟಿಕ್ ಹಾಸಿದರೆ ಮೈ ನುಣುಪಾಗುತ್ತದೆ, ಆದರೆ ತೇವ ಅಲ್ಲೇ ಉಳಿದು ಹುಳಿವಾಸನೆ ಬರುತ್ತದೆ. ಎಣ್ಣೆ ಸವರಿದರೆ ಮುಂದೆ ಬಣ್ಣ ಹಿಡಿಯುವುದಿಲ್ಲ.

ತಳದಿಂದ ಶುರುಮಾಡಿ ನಿಂಬೆ ಗಾತ್ರದ ಉಂಡೆಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಹತ್ತುವಂತೆ ತಟ್ಟುತ್ತಾ ಮೇಲಕ್ಕೆ ಬನ್ನಿ. ಎಲ್ಲ ಕಡೆ 8 ಮಿ.ಮೀ. ದಪ್ಪ ಇರಲಿ. ಬೆಂಕಿಕಡ್ಡಿಗೆ ಆ ಅಳತೆಯಲ್ಲಿ ಗುರುತು ಹಾಕಿಕೊಂಡು ಅಲ್ಲಲ್ಲಿ ಚುಚ್ಚಿ ನೋಡಿದರೆ ತಿಳಿಯುತ್ತದೆ. ಬಾಯಂಚು ತೆಳುವಾಗುವುದು ಎಲ್ಲರ ಕೈಯಲ್ಲೂ ಆಗುವ ತಪ್ಪು. ತೆಳುವಾದದ್ದು ಮೊದಲು ಒಣಗಿ ಬಿಗಿದುಕೊಳ್ಳುತ್ತದೆ, ತಳ ಇನ್ನೂ ಹಸಿಯಿರುತ್ತದೆ, ಬುಟ್ಟಿ ಸೊಟ್ಟಗಾಗುತ್ತದೆ. ಅದಕ್ಕೇ ಅಂಚಿಗೆ ಮುದ್ದೆಯ ಹುರಿ ಮಾಡಿ ಸುತ್ತ ಒತ್ತುವುದು. ಕೊನೆಗೆ ಹೆಬ್ಬೆರಳನ್ನು ಮೆಂತ್ಯದ ನೀರಿನಲ್ಲಿ ಅದ್ದಿ ಒಳಮೈ ಸವರಿ. ಒಂದು ಮುಷ್ಟಿ ಮುದ್ದೆಯನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮೂರು ದಿನ ಕೆಡುವುದಿಲ್ಲ. ತೇಪೆಗೆ ಬೇಕಾಗುತ್ತದೆ.

ಮೊದಲ ದಿನ ನೆರಳಲ್ಲಿ, ಫ್ಯಾನಿನ ಕೆಳಗೆ. ನೇರ ಬಿಸಿಲಿಗಿಟ್ಟರೆ ಮೇಲ್ಪದರ ಬಿಗಿದು ಒಳಗಿನ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ಮಾರನೆಯ ದಿನ ಅಂಚು ಅಚ್ಚಿನಿಂದ ಬಿಟ್ಟಿರುತ್ತದೆ. ಬಟ್ಟೆಯ ತುದಿಗಳನ್ನು ಹಿಡಿದು ಎತ್ತಿ, ಬೋರಲು ಮಾಡಿ, ಬಟ್ಟೆಯನ್ನು ನಿಧಾನವಾಗಿ ಸುಲಿಯಿರಿ. ಆಮೇಲೆ ಎರಡು-ಮೂರು ದಿನ ಬಿಸಿಲು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ.

ಒಣಗಿದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ತಳವನ್ನು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಬೆರಳಲ್ಲಿ ಕುಟ್ಟಿದರೆ ಹಸಿಯಾದದ್ದು ದಬ್ ಎನ್ನುತ್ತದೆ, ಒಣಗಿದ್ದು ಟಕ್ ಟಕ್ ಎನ್ನುತ್ತದೆ. ಮನೆಯಲ್ಲಿ ತಕ್ಕಡಿ ಇದ್ದರೆ ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಬೇರಿಲ್ಲ: ಎರಡು ದಿನ ಒಂದೇ ತೂಕ ಬರಬೇಕು. ಹಾಕಿದ್ದೇ 250 ಗ್ರಾಂ ಒಣ ಸಾಮಾನು, ಹಿಂಡುವಾಗ ಸ್ವಲ್ಪ ಹೋಗಿರುತ್ತದೆ, ತೇಪೆಗೂ ಒಂದಿಷ್ಟು ಎತ್ತಿಟ್ಟಿದ್ದೀರಿ. ಬುಟ್ಟಿ 300 ಗ್ರಾಂ ತೂಗುತ್ತಿದ್ದರೆ ಇನ್ನೂ ಬಿಸಿಲು ಬೇಕು ಎಂದೇ ಅರ್ಥ.

ಬಿರುಕು ಬಿಟ್ಟಿದ್ದರೆ ಅದರ ಎರಡೂ ಅಂಚನ್ನು ಮೊದಲು ಒದ್ದೆ ಮಾಡಿ, ಫ್ರಿಜ್ಜಿನ ಮುದ್ದೆಯನ್ನು ಒತ್ತಿ ತುಂಬಿ. ಒಣ ಅಂಚಿಗೆ ತುಂಬಿದ ತೇಪೆ ಉದುರುತ್ತದೆ. ಎಲ್ಲ ಒಣಗಿದ ಮೇಲೆ 120ನೇ ನಂಬರಿನ ಮರಳುಕಾಗದದಲ್ಲಿ ತಿಕ್ಕಿ, ಆಮೇಲೆ ಇನ್ನೂ ನುಣುಪಾದ 220ರದ್ದು.

ಬಣ್ಣಕ್ಕೆ ಕೆಮ್ಮಣ್ಣು ಚೆಂದ. ನಾಲ್ಕು ಚಮಚ ಜರಡಿ ಹಿಡಿದ ಕೆಮ್ಮಣ್ಣಿಗೆ ಒಂದು ಚಮಚ ಗೋಂದು, ಬೇಕಾದಷ್ಟು ನೀರು. ಎರಡು ಕೈ ಬಳಿಯಿರಿ. ಗೋಂದು ಕಡಿಮೆಯಾದರೆ ಮುಟ್ಟಿದಾಗೆಲ್ಲ ಕೈಗೆ ಕೆಂಪು ಹತ್ತುತ್ತದೆ. ಮಲೆನಾಡಿನ ಹಸೆ ಚಿತ್ತಾರದಲ್ಲಿ ಕೆಂಪು ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆ ಎಳೆಯುತ್ತಾರಲ್ಲ, ಬುಟ್ಟಿಯ ಹೊರಮೈಗೆ ಅದು ಬಹಳ ಒಪ್ಪುತ್ತದೆ.

ಬಳಕೆಯ ಬಗ್ಗೆ ಒಂದು ಮಾತು. ಪತ್ರಿಕೆಯ ಶಾಯಿ ಆಹಾರಕ್ಕೆ ತಾಗಬಾರದು. ಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಪ್ಯಾಕೇಜಿಂಗ್ ನಿಯಮಗಳಲ್ಲೇ ನಿಷೇಧಿಸಿದೆ. ಸಿಪ್ಪೆಯಿರುವ ಬೆಳ್ಳುಳ್ಳಿ, ಬೀಗದ ಕೈ, ಬಳೆ, ಹೊಲಿಗೆ ಸಾಮಾನಿಗೆ ಈ ಬುಟ್ಟಿ ಸರಿ. ಇದೇ ಮುದ್ದೆಯಲ್ಲಿ ಹಣತೆ ಮಾಡುವುದು ಮಾತ್ರ ಬೇಡವೇ ಬೇಡ, ಬೆಂಕಿ ಹತ್ತುತ್ತದೆ.

ಮೊರಕ್ಕೆ ಮೆತ್ತುವುದಾದರೆ ಅಳತೆ ಬೇರೆ. 100 ಗ್ರಾಂ ಪೇಪರಿಗೆ 100 ಗ್ರಾಂ ಮೆಂತ್ಯವೇ ಬೇಕು. ಪದರ 2 ಮಿ.ಮೀ. ಅಷ್ಟೇ, ಬಿದಿರು ನುಣುಪು, ಅಂಟು ಸಾಲದಿದ್ದರೆ ಕೇರುವಾಗ ಹಕ್ಕಳೆ ಏಳುತ್ತದೆ. ಇಲ್ಲಿ ಪತ್ರಿಕೆಯ ಬದಲು ಬರೆಯದ ಬಿಳಿ ಹಾಳೆಯನ್ನೇ ಬಳಸಿ, ಕಾಳು ನೇರವಾಗಿ ತಾಗುತ್ತದೆ. ಅಂಗೈಯಿಂದ ಹೆಣಿಗೆಯ ಸಂದಿಗೆ ಒತ್ತಿ ಉಜ್ಜಿ, ಒಂದು ಬದಿ ಒಣಗಿದ ಮೇಲೆ ಇನ್ನೊಂದು ಬದಿ. ಬುಟ್ಟಿಯಾಗಲಿ ಮೊರವಾಗಲಿ ಅಕಸ್ಮಾತ್ ನೆನೆದರೆ ಉಜ್ಜಿ ಒರೆಸಬೇಡಿ. ಬಟ್ಟೆಯಿಂದ ಒತ್ತಿ ನೀರು ತೆಗೆದು, ಬೋರಲು ಹಾಕಿ ಗಾಳಿಗೆ ಬಿಡಿ.