ರೋಡ್ ಸೈಕಲ್‌ಗೆ ಕ್ಲೀಟ್ ಕೂರಿಸಿದ ನನ್ನ ಅನುಭವ

ಪುಣೆಯಲ್ಲಿ ನಮ್ಮ ಜೊತೆ ಸೈಕಲ್ ತುಳಿಯುವ ಕನ್ನಡದವರು ಕ್ಲಿಪ್‌ಲೆಸ್ ಪೆಡಲ್ (ಶೂ ಅಡಿಗೆ ಕೂರಿಸಿದ ಕ್ಲೀಟ್ ಅನ್ನೋ ಕೊಂಡಿಯನ್ನು ಕಚ್ಚಿ ಹಿಡಿಯುವ ಪೆಡಲ್) ತಗೊಂಡ ಕೂಡಲೇ ಕೇಳೋದು ಒಂದೇ: ಸಿಗ್ನಲ್‌ನಲ್ಲಿ ಕಾಲು ಬಿಡಿಸೋಕೆ ಆಗದೆ ಬಿದ್ದುಬಿಟ್ಟರೆ? ಭಯ ಸಹಜ. ಆದರೆ ಕಾಲು ಬಿಡಿಸೋದು ಸ್ವಲ್ಪ ಅಭ್ಯಾಸ ಮಾಡಿದರೆ ಬಂದುಬಿಡುತ್ತದೆ. ನಾನು ಹೆಚ್ಚು ಯೋಚಿಸಿದ್ದು ಮೊಣಕಾಲಿನ ಬಗ್ಗೆ. ನಿಮಿಷಕ್ಕೆ 80 ಸುತ್ತಿನಂತೆ ತುಳಿದರೆ ಒಂದು ಗಂಟೆಯಲ್ಲಿ ಒಂದೊಂದು ಕಾಲೂ 4,800 ಸಲ ಮಡಚಿ ಚಾಚುತ್ತದೆ. ಪಾದ ತನಗೆ ಒಗ್ಗದ ಕೋನದಲ್ಲಿ ಸಿಕ್ಕಿಕೊಂಡಿದ್ದರೆ ಅಷ್ಟೂ ಸಲ ಅದರ ಎಳೆತ ಬೀಳೋದು ಮೊಣಕಾಲಿಗೇ ಅಲ್ವಾ?

ನಾನು ತಗೊಂಡಿದ್ದು ಶಿಮಾನೊ ಕಂಪನಿಯ ಎಸ್‌ಪಿಡಿ-ಎಸ್‌ಎಲ್ ಪೆಡಲ್. ಮೂರು ಬೋಲ್ಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್. ಶೂ ಅಡಿಯಲ್ಲಿ ಮೂರು ತೂತು ಇರಲೇಬೇಕು, ಕೊಳ್ಳುವ ಮೊದಲೇ ತಿರುಗಿಸಿ ನೋಡಿ. ದಿನಾ ಆಫೀಸಿಗೆ ಹೋಗಿಬರೋಕೆ, ಇಳಿದು ನಡೆಯೋಕೆ ಅಂತಿದ್ದರೆ ಎರಡು ಬೋಲ್ಟಿನ ಎಸ್‌ಪಿಡಿಯೇ ವಾಸಿ. ಅದರ ಲೋಹದ ಕ್ಲೀಟ್ ಚಿಕ್ಕದು, ಶೂ ಅಡಿಯ ಗುಳಿಯೊಳಗೆ ಕೂತಿರುತ್ತದೆ. ನನ್ನದು ಪುಣೆ ಸುತ್ತಲಿನ ರೈಡ್: ಬೆಳಗಿನ ಖಡಕ್‌ವಾಸ್ಲಾ, ಬೋಪ್‌ದೇವ್ ಘಾಟ್, ಆಗಾಗ ಸಿಂಹಗಡದ ಏರು. ನಡೆಯೋದು ಕಡಿಮೆ, ತುಳಿಯೋದು ಜಾಸ್ತಿ. ಅದಕ್ಕೆ ಅಗಲವಾದ ಪೆಡಲ್ ಆರಿಸಿದೆ.

ಪೆಡಲ್ ಹಾಕೋದು ದೊಡ್ಡ ಕೆಲಸವೇನಲ್ಲ. ಎಡ ಪೆಡಲಿನ ಥ್ರೆಡ್ ಉಲ್ಟಾ ಅನ್ನೋದು ನೆನಪಿದ್ದರೆ ಸಾಕು. ಪಾನಾ ಮೇಲ್ಮುಖವಾಗಿ ನಿಂತಿರಲಿ, ಅದನ್ನು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಸಡಿಲಾಗುತ್ತವೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಒತ್ತಾಯದಿಂದ ಹತ್ತಿಸಿದರೆ ಕ್ರ್ಯಾಂಕ್ ಕೆಡುತ್ತದೆ.

ಇನ್ನು ಕ್ಲೀಟ್. ಇದಕ್ಕೆ ಒಂದು ಇಡೀ ಮಧ್ಯಾಹ್ನ ಎತ್ತಿಟ್ಟಿದ್ದೆ. ಸೈಕಲ್‌ಗೆ ಹಾಕುವ ಅದೇ ಸಾಕ್ಸ್, ಅದೇ ಶೂ ಹಾಕಿಕೊಂಡು ಹೆಬ್ಬೆರಳಿನ ಬುಡದಲ್ಲಿ ಉಬ್ಬಿರುವ ಮೂಳೆಯನ್ನು ಮೇಲಿನಿಂದ ಒತ್ತಿ ಹುಡುಕಿದೆ, ಅಲ್ಲಿ ಶೂ ಪಕ್ಕಕ್ಕೆ ಟೇಪಿನ ಚೂರು ಅಂಟಿಸಿ ಗೆರೆ ಎಳೆದೆ. ಕಿರುಬೆರಳಿನ ಬುಡಕ್ಕೂ ಹಾಗೇ. ಕಿರುಬೆರಳಿನ ಗೆರೆ ಹಿಂದೆ ಬೀಳುತ್ತದೆ. ಪೆಡಲಿನ ಅಚ್ಚು ಈ ಎರಡು ಗೆರೆಗಳ ನಡುವೆ ಬರುವಂತೆ ಕ್ಲೀಟ್ ಇಟ್ಟೆ. ಹೆಬ್ಬೆರಳಿನ ಗೆರೆಗೇ ನೇರವಾಗಿ ಇಡುವವರೂ ಇದ್ದಾರೆ. ಆದರೆ ಕ್ಲೀಟ್ ಮುಂದೆ ಹೋದಷ್ಟೂ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೂ (ಟೆಂಡನ್) ಕೆಲಸ ಜಾಸ್ತಿ, ಘಾಟ್ ಹತ್ತುವಾಗ ಅದು ಗೊತ್ತಾಗುತ್ತದೆ.

ಕೋನದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಎರಡೂ ಕ್ಲೀಟ್ ನೆಟ್ಟಗೆ, ಒಂದೇ ಥರ ಕಾಣಬೇಕು ಅಂತ ಹಟ ಮಾಡಬೇಡಿ. ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಟ್ಟು ಸುಮ್ನೆ ನೋಡಿ. ನನ್ನ ಎಡಪಾದ ನೆಟ್ಟಗಿರುತ್ತದೆ, ಬಲಪಾದದ ತುದಿ ಹೊರಕ್ಕೆ ತಿರುಗುತ್ತದೆ. ನಡೆಯುವಾಗಲೂ ಹಾಗೇ. ಪೆಡಲ್ ಮೇಲೂ ಅದಕ್ಕೆ ಹಾಗೇ ಇರೋಕೆ ಬಿಡಬೇಕು. ಪಾದದ ತುದಿ ಹೊರಗೆ ತಿರುಗಬೇಕು ಅಂದರೆ ಶೂ ಅಡಿಯಲ್ಲಿ ಕ್ಲೀಟಿನ ಮೂತಿ ಒಳಕ್ಕೆ, ಅಂದರೆ ಸೈಕಲ್ ಕಡೆಗೆ ತಿರುಗಬೇಕು. ಪಕ್ಕಕ್ಕೆ ಸರಿಸುವಾಗಲೂ ಇದೇ ಲೆಕ್ಕ: ಕ್ಲೀಟ್ ಒಳಗೆ ಸರಿದರೆ ಪಾದ ಹೊರಗೆ ಹೋಗುತ್ತದೆ. ಬೋಲ್ಟ್ ಸಡಿಲಿಸುವ ಮೊದಲು ಇದನ್ನು ಒಂದು ಸಲ ಮನಸ್ಸಿನಲ್ಲೇ ತಿರುಗಿಸಿ ನೋಡಿ.

ಕ್ಲೀಟಿನ ತುದಿಯ ಬಣ್ಣಕ್ಕೂ ಅರ್ಥ ಇದೆ. ಶಿಮಾನೊದಲ್ಲಿ ಹಳದಿ ಅಂದರೆ ಪಾದಕ್ಕೆ ಒಟ್ಟು 6 ಡಿಗ್ರಿ ಆಡೋಕೆ ಜಾಗ, ನೀಲಿಗೆ 2, ಕೆಂಪು ಪೂರ್ತಿ ಬಿಗಿ. ಲುಕ್ ಕಂಪನಿಯ ಕಿಯೊ ಕ್ಲೀಟಿನಲ್ಲಿ ಕೆಂಪು 9 ಡಿಗ್ರಿ, ಬೂದು 4.5, ಕಪ್ಪು ಬಿಗಿ. ಅಲ್ಲಿಯ ಕೆಂಪೇ ಬೇರೆ, ಇಲ್ಲಿಯ ಕೆಂಪೇ ಬೇರೆ, ಅಂಗಡಿಯಲ್ಲಿ ಬಣ್ಣ ಹೇಳಿ ಕೇಳುವಾಗ ಎಚ್ಚರ. ನಾನು ಹಳದಿಯಲ್ಲೇ ಇದ್ದೇನೆ. ಹೊಸಬರಿಗೆ ಬೇರೆಯದು ಬೇಡ ಅಂತಲೇ ಹೇಳುತ್ತೇನೆ.

ಬೋಲ್ಟ್ ಅರ್ಧ ಬಿಗಿ ಮಾಡಿ, ಸೈಕಲನ್ನು ಗೋಡೆಗೆ ಒರಗಿಸಿ ಹತ್ತಿ ಕೂತೆ. ಧಾರವಾಡದ ಗೆಳೆಯರೊಬ್ಬರು ಎದುರು ಕುಕ್ಕರಗಾಲಲ್ಲಿ ಕೂತು ನನ್ನ ಮೊಣಕಾಲನ್ನೇ ನೋಡುತ್ತಿದ್ದರು. ನಾನು ನಿಧಾನಕ್ಕೆ ಹಿಂದಕ್ಕೆ ತುಳಿದೆ. "ಬಲಗಡೆ ಮೊಣಕಾಲು ಒಳಗ ಬರಾಕತ್ತೈತ್ರಿ, ಪಾದ ಒಂಚೂರು ಹೊರಗ ಹಾಕ್ರಿ" ಅಂದರು. ಬಲ ಕ್ಲೀಟನ್ನು ಒಂದೆರಡು ಮಿಲಿಮೀಟರ್ ಒಳಗೆ ಸರಿಸಿದೆ. ಮೊಣಕಾಲು ಪಾದದ ನೇರಕ್ಕೆ ಮೇಲೆ ಕೆಳಗೆ ಆಡತೊಡಗಿತು. ಇದನ್ನು ಒಬ್ಬರೇ ನೋಡಿಕೊಳ್ಳೋದು ಕಷ್ಟ, ಯಾರನ್ನಾದರೂ ಕರೆಯಿರಿ.

ಬೋಲ್ಟ್ ಬಿಗಿ ಮಾಡೋದನ್ನು ಹಗುರವಾಗಿ ತಗೋಬೇಡಿ. ಥ್ರೆಡ್ಡಿಗೆ ಚೂರು ಗ್ರೀಸ್, 4 ಮಿಲಿಮೀಟರಿನ ಆಲನ್ ಕೀ, ಮೂರನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ, ಟಾರ್ಕ್ (ಬಿಗಿ ಮಾಡುವ ಬಲದ ಅಳತೆ) 5ರಿಂದ 6 ನ್ಯೂಟನ್ ಮೀಟರ್. ಮೊದಲ ರೈಡ್ ಆದ ಮೇಲೆ ಮತ್ತೊಮ್ಮೆ ನೋಡಿ. ಬೋಲ್ಟ್ ಸಡಿಲಾದರೆ ನೀವು ಹಿಮ್ಮಡಿ ತಿರುಗಿಸಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲಿನಲ್ಲೇ ಕಚ್ಚಿಕೊಂಡಿರುತ್ತದೆ. ಆಗ ಎಷ್ಟು ಅಭ್ಯಾಸ ಇದ್ದರೂ ಕಾಲು ಬರೋದಿಲ್ಲ. ಬಿಗಿ ಮಾಡಿದ ಮೇಲೆ ಕ್ಲೀಟಿನ ಸುತ್ತ ಶೂ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಡಿ, ಮುಂದೆ ಕ್ಲೀಟ್ ಬದಲಿಸುವಾಗ ಅದೇ ಜಾಗ ಸಿಗುತ್ತದೆ.

ಹಿಮ್ಮಡಿ ಹೊರಕ್ಕೆ ತಿರುಗಿಸಿ ಬಿಡಿಸಿಕೊಳ್ಳುವ ಈ ಉಪಾಯವನ್ನು ಲುಕ್ ಕಂಪನಿ ಹಿಮದಲ್ಲಿ ಜಾರುವ ಸ್ಕೀ ಬೈಂಡಿಂಗ್‌ನಿಂದ ಸೈಕಲ್‌ಗೆ ತಂದಿದ್ದು 1984ರಲ್ಲಿ. ಮರುವರ್ಷವೇ ಫ್ರಾನ್ಸಿನ ಸೈಕಲ್ ಪಟು ಬರ್ನಾರ್ಡ್ ಇನೊ ಆ ಪೆಡಲ್ ಹಾಕಿಕೊಂಡು ಟೂರ್ ಡಿ ಫ್ರಾನ್ಸ್ ಗೆದ್ದರು. ಮೇಲಕ್ಕೆ ಎಷ್ಟೇ ಎಳೆದರೂ ಬಿಡಬಾರದು, ಪಕ್ಕಕ್ಕೆ ತಿರುಗಿಸಿದರೆ ಬಿಡಬೇಕು. ಎಷ್ಟು ಚೆಂದದ ಯೋಚನೆ ನೋಡಿ! ಸ್ಪ್ರಿಂಗ್ ಬಿಗಿಯನ್ನು ಕಡಿಮೆ ಮಾಡೋಕೆ ಪೆಡಲ್ ಹಿಂದೆ ಸ್ಕ್ರೂ ಇರುತ್ತದೆ. ನಾನು ಎರಡೂ ಕಡೆ ತೀರಾ ಸಡಿಲಕ್ಕೆ ಇಟ್ಟು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಎಡಗಾಲು ಬಿಡಿಸೋದನ್ನೇ ಮಾಡಿದೆ. ಎಡಗಾಲೇ ಯಾಕೆ ಅಂದರೆ ನಮ್ಮ ರಸ್ತೆಯಲ್ಲಿ ಅಂಚು ಇರೋದು ಎಡಕ್ಕೆ. ನಳ್ ಸ್ಟಾಪ್ ಥರದ ಸಿಗ್ನಲ್ ದೂರದಲ್ಲಿ ಕಂಡಾಗಲೇ ಕಾಲು ಬಿಡಿಸಿ, ಆಮೇಲೆ ಬ್ರೇಕ್ ಹಿಡಿಯಿರಿ. ನಿಲ್ಲುವಾಗ ಮೈ ಎಡಕ್ಕೇ ವಾಲಲಿ.

ಶೂ ಮತ್ತು ಪೆಡಲ್ ಬದಲಾದರೆ ಸೀಟಿನ ಎತ್ತರದ ಲೆಕ್ಕವೂ ಬದಲಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಹೊಸ ಕ್ಲೀಟ್ ಹಾಕಿದ ವಾರವೇ ಸಿಂಹಗಡ ಹತ್ತೋದು ಬೇಡ. ನಾನು ಖಡಕ್‌ವಾಸ್ಲಾ ಕಡೆಯ ಸಮ ರಸ್ತೆಯಲ್ಲೇ ಇದ್ದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆ, ಅದೂ ಒಂದೆರಡು ಮಿಲಿಮೀಟರ್. ಸೀಟು, ಕೋನ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯೋದೇ ಇಲ್ಲ. ನನಗೆ ಬಲಗಾಲ ಬೆರಳು ಜೋಮು ಹಿಡಿಯುತ್ತಿತ್ತು, ಕ್ಲೀಟ್ ಇನ್ನೂ ಸ್ವಲ್ಪ ಹಿಂದೆ ತಂದ ಮೇಲೆ ಹೋಯಿತು. ಮೊಣಕಾಲಿನ ಮುಂಭಾಗ ನೋವಾದರೆ ಮೊದಲು ಸೀಟು ತಗ್ಗಾಗಿದೆಯಾ ನೋಡಿ, ಒಳಮಗ್ಗುಲು ಅಥವಾ ಹೊರಮಗ್ಗುಲು ನೋವಾದರೆ ಕ್ಲೀಟಿನ ಕೋನ ನೋಡಿ. ಊದಿಕೊಂಡರೆ ತುಳಿಯೋದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಮಳೆಗಾಲದಲ್ಲಿ ಘಾಟ್ ಬುಡದ ಕೆಂಪು ಕೆಸರು ಕ್ಲೀಟಿಗೆ ಮೆತ್ತಿಕೊಂಡರೆ ಪೆಡಲ್ ಹಿಡಿಯೋದಿಲ್ಲ, ಒಂದು ಕಡ್ಡಿಯಿಂದ ಕೆರೆದು ಹತ್ತಿ. ಟೀ ಅಂಗಡಿಯ ಒದ್ದೆ ಟೈಲ್ಸ್ ಮೇಲೆ ಈ ಪ್ಲಾಸ್ಟಿಕ್ ಜಾರುತ್ತದೆ, ರಬ್ಬರ್ ಕವರ್ ಜೇಬಿನಲ್ಲಿರಲಿ. ನೆಲಕ್ಕೆ ಊರೋದು ಎಡಗಾಲೇ ಆದ್ದರಿಂದ ಎಡ ಕ್ಲೀಟ್ ಬೇಗ ಸವೆಯುತ್ತದೆ. ಹಳದಿ ಭಾಗ ಸವೆದು ಹೋಗುತ್ತಿದೆ ಅನ್ನಿಸಿದಾಗ ನಾನು ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ, ಒಂದು ಕಾಲಿಗೆ ಹೊಸದು ಇನ್ನೊಂದಕ್ಕೆ ಹಳೆಯದು ಇಡೋದಿಲ್ಲ.