ಎದೆಯ ಮೇಲಿನ ಮೊಬೈಲ್

ಕಾರವಾರದ ಹತ್ತಿರದ ಬಿಣಗಾದ ನಮ್ಮ ಮನೆಯ ಜಗಲಿಯಲ್ಲಿ ಯೋಗ ಕಲಿಸಲು ತೊಡಗಿ ಆರು ವರ್ಷವಾಯಿತು. ಕದಂಬ ನೌಕಾನೆಲೆ ಹತ್ತಿರವೇ ಇರುವುದರಿಂದ ಬರುವವರಲ್ಲಿ ಅರ್ಧದಷ್ಟು ನಾವಿಕರ ಮನೆಯವರು. ಸೂರ್ಯನಮಸ್ಕಾರ ಹನ್ನೆರಡು ಸುತ್ತು ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ಹುಮ್ಮಸ್ಸು ಆಗ ನನಗೆ.

ಒಂದು ಸಂಜೆ ಗದಗ ಕಡೆಯ ಹುಡುಗಿಯೊಬ್ಬಳು ಶವಾಸನದಲ್ಲಿ ಮೊಬೈಲನ್ನು ಎದೆಯ ಮೇಲೆ ಕವುಚಿಟ್ಟು ಎರಡೂ ಕೈಯಿಂದ ಒತ್ತಿಕೊಂಡಿದ್ದಳು. ಉಸಿರಿನ ಜೊತೆ ಅದೂ ಏರಿಳಿಯುತ್ತಿತ್ತು. ದೂರ ಇಡು ಎಂದೆ. "ಹಡಗು ದಡ ಸೇರಿದಾಗಲೇ ಅವರ ಫೋನು ಬರುವುದು ಅಕ್ಕಾ. ತಪ್ಪಿದರೆ ಮತ್ತೆ ಯಾವಾಗಲೋ" ಎಂದಳು. ಸೇಲಿಂಗ್ ಎಲ್ಲಿಗೆ, ಎಷ್ಟು ದಿನ ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವಂತಿಲ್ಲ. ಅಂದಿನಿಂದ ಚಾಪೆಯ ಪಕ್ಕ ಮೊಬೈಲಿಗೂ ಜಾಗ. ರಿಂಗಾದರೆ ಎದ್ದು ಓಡಬಹುದು.

ಇವರಿಗೆ ಬೇಕಾಗಿದ್ದುದು ಬೆನ್ನು ಬಾಗುವುದಲ್ಲ, ನಿದ್ದೆ. ಹಾಗಾಗಿ ಆಸನ ಇಪ್ಪತ್ತು ನಿಮಿಷಕ್ಕೆ ಇಳಿಯಿತು, ಉಳಿದ ಹೊತ್ತು ಉಸಿರಿಗೆ. ನಾಲ್ಕು ಎಣಿಸುವಷ್ಟು ಒಳಗೆ, ಎಂಟು ಎಣಿಸುವಷ್ಟು ಭ್ರಾಮರಿಯ ಗುಂಯ್ ಸದ್ದಿನೊಂದಿಗೆ ಹೊರಗೆ. ಉಸಿರು ನಿಧಾನವಾಗಿ ಹೊರಹೋಗುವಾಗ ಎದೆಬಡಿತ ಇಳಿಯುತ್ತದೆ. ನಾಡಿಯ ಮೇಲೆ ಬೆರಳಿಟ್ಟು ಅವರೇ ನೋಡಲಿ ಎಂದು ಬಿಡುತ್ತೇನೆ.

ಅರ್ಗಾ ಕಡೆಯ ಒಬ್ಬ ಆಯಿ ಬರುತ್ತಾಳೆ. "ನೆಲ ಸೀಬರ್ಡಿಗೆ ಹೋಯಿತು, ಮಗ ಆರ್ಮಿಗೆ ಹೋದ" ಎಂದು ನಗುತ್ತಾಳೆ. ಸೀಬರ್ಡ್ ಎಂದರೆ ಈ ನೌಕಾನೆಲೆ ಕಟ್ಟಿದ ಯೋಜನೆ. ಮಂಡಿ ಮಡಚದು, ಕುರ್ಚಿಯ ಮೇಲೆಯೇ ಎಲ್ಲ. ಆಕೆಗೆ ನಾನು ಕೊಟ್ಟ ಮದ್ದು ಒಂದೇ: ರಾತ್ರಿ ಊಟದ ಮೇಲೆ ಟಿವಿಯಲ್ಲಿ ಗಡಿಯ ಸುದ್ದಿ ನೋಡಬಾರದು. ಯೋಗ ಮಾಡುತ್ತೇನಲ್ಲ, ಬಿಪಿ ಮಾತ್ರೆ ಬಿಡಲೇ ಎಂದಾಗ ಬೈದೆ. ನೌಕಾನೆಲೆಯ ಆಸ್ಪತ್ರೆಗೆ ಪತಂಜಲಿಯ ಹೆಸರೇ ಇದೆ. ಹಾಗೆಂದು ಅಲ್ಲಿ ಮಾತ್ರೆ ಕೊಡುವುದಿಲ್ಲವೇ?

ಬೈದವಳೇ ತಪ್ಪಿದ್ದೂ ಉಂಟು. ನನ್ನ ತವರು ಶಿರಸಿ. ಮಾವಿನಕಾಯಿಯ ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ, ಒಂದೆಲಗದ ತಂಬುಳಿ ತಲೆಗೆ ತಂಪು ಎಂದು ನಂಬಿ ಬೆಳೆದವಳು. ನಿದ್ದೆಯಿಲ್ಲ ಎಂದ ಒಬ್ಬಳಿಗೆ ತಿಂಗಳುಗಟ್ಟಲೆ ಅದನ್ನೇ ಮಾಡಿಕೊಟ್ಟೆ. ಅವಳ ಮಗಳು ಎರಡು ವಾರ ಬಾಚದ ತಲೆಯಲ್ಲೇ ಬರುತ್ತಿದ್ದುದು ಕಣ್ಣಿಗೆ ಬಿದ್ದರೂ ನನಗೆ ಹೊಳೆಯಲಿಲ್ಲ. ಹಿಂದೆಲ್ಲ ಎರಡು ಜಡೆಗೆ ಅಬ್ಬಲಿಗೆ ಮುಡಿಸಿ ಕಳಿಸುತ್ತಿದ್ದ ತಾಯಿ ಅವಳು. ಕೊನೆಗೆ ಇದೇ ಜಗಲಿಯಿಂದ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿದೆವು. ಮನಸ್ಸಿನ ಆರೋಗ್ಯಕ್ಕೆಂದು 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ರಾತ್ರಿಯೂ ಎತ್ತುತ್ತಾರೆ. ಆಮೇಲೆ ಮನೋವೈದ್ಯರು, ಮಾತ್ರೆ. ತಂಬುಳಿ ಅವಳಿಗೆ ಈಗಲೂ ಬೇಕು, ಆದರೆ ಅನ್ನಕ್ಕೆ ಕಲಸಿಕೊಳ್ಳಲು. ಎರಡು ವಾರ ನಿದ್ದೆ ಕೆಟ್ಟರೆ ಈಗ ನಾನು ಮೊದಲು ವೈದ್ಯರ ಬಳಿ ಕಳಿಸುತ್ತೇನೆ.

ಹಡಗು ಬಂದ ವಾರ ಜಗಲಿ ಖಾಲಿ. ನಾಲ್ಕೈದು ದಿನ ಕಳೆದರೆ ಒಬ್ಬೊಬ್ಬರೇ ಮುಖ ಊದಿಸಿಕೊಂಡು ಬರುತ್ತಾರೆ: ಮಕ್ಕಳು ಅಪ್ಪನ ಮಾತು ಕೇಳುವುದಿಲ್ಲ, ಗೋದ್ರೇಜಿನ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಜಗಳ. ಹೋಗುವುದಕ್ಕಿಂತ ಮರಳಿ ಹೊಂದಿಕೊಳ್ಳುವುದೇ ಕಷ್ಟ ಎಂದು ನನಗೂ ತಡವಾಗಿ ತಿಳಿಯಿತು. ಈಗ ಗಂಡಂದಿರನ್ನೂ ಕರೆಯುತ್ತೇನೆ, ಬರುವವರು ಕಡಿಮೆ. ಗದಗದ ಹುಡುಗಿಯ ಗಂಡ ಮಾತ್ರ ಒಮ್ಮೆ ಮೆಟ್ಟಿಲ ಮೇಲೆ ಕೂತಿದ್ದವನು ಒಳಗೆ ಬಂದ. ಭ್ರಾಮರಿ ಕೇಳಿ, "ನಮ್ಮ ಇಂಜಿನ್ ರೂಮಿನ ಸದ್ದೇ ಇದು ಅಕ್ಕಾ" ಎಂದವನು ಶವಾಸನಕ್ಕೂ ಮೊದಲೇ ಗೊರಕೆ ಹೊಡೆದ.